ಬೆಳೆಯುತ್ತಿರುವ ಊರಿನ ವಾರ್ಡ್ ಸಮಿತಿಗೆ ಯಾರನ್ನು ನೇಮಿಸಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಬಳ್ಳಾರಿಯ ಸಿರುಗುಪ್ಪ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ನೀವು ಮನೆ ಕಟ್ಟಿಕೊಂಡು ಮೂರು ವರ್ಷವಾಗಿದೆ. ವಾರ್ಡ್ ಸಮಿತಿಯಂಥ ಸಲಹಾ ಸಮಿತಿಗಳಿಗೆ ಸ್ವಯಂಸೇವಕರನ್ನು ಯಾವ ಆಧಾರದ ಮೇಲೆ ನೇಮಿಸಬೇಕು ಎಂಬುದು ಮೊದಲನೆಯದು. ಯಾವ ಪಕ್ಷದವರ ಪರಿಚಯವೂ ಇಲ್ಲದ ನಿಮ್ಮಂಥವರು ಅರ್ಜಿ ಹಾಕಿದರೆ ಪ್ರಯೋಜನವಿದೆಯೇ ಎಂಬುದು ಎರಡನೆಯದು. ಈ ಭಾಗದ ಪುರಸಭೆ, ನಗರಸಭೆಗಳಲ್ಲಿ ಸಮುದಾಯ ಸಂಘಟನಾಧಿಕಾರಿಯಾಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ ನಿವೃತ್ತಿಯಾಗಿದ್ದೇನೆ. ಸಮಿತಿಗಳ ಪಟ್ಟಿ ತಯಾರಾಗುವುದನ್ನು ಹತ್ತಿರದಿಂದ ಕಂಡಿದ್ದೇನೆ, ಕೆಲವನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಆ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಮುಗಿಸಿಬಿಡೋಣ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಬಳ್ಳಾರಿ ನಗರ 2011ರ ಜನಗಣತಿಯಲ್ಲಿಯೇ 4 ಲಕ್ಷ ದಾಟಿತ್ತು. ಅದೇ ಎಣಿಕೆಯಲ್ಲಿ ರಾಯಚೂರು ಎರಡೂಕಾಲು ಲಕ್ಷ ಚಿಲ್ಲರೆ, ಕೊಪ್ಪಳ ಸುಮಾರು 70 ಸಾವಿರ ಇದ್ದವು. ಹೀಗಾಗಿ ನಮ್ಮ ಮೂರು ಜಿಲ್ಲಾ ಕೇಂದ್ರಗಳ ಪೈಕಿ ಸಂವಿಧಾನದ ಈ ಮಾತು ನೇರವಾಗಿ ತಗುಲಿದ್ದು ಬಳ್ಳಾರಿಗೆ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ, ಪ್ರತಿ ವಾರ್ಡಿಗೂ ಒಂದು ಸಮಿತಿ, ಆ ವಾರ್ಡಿನ ಪಾಲಿಕೆ ಸದಸ್ಯರೇ ಅದಕ್ಕೆ ಅಧ್ಯಕ್ಷರು, ಅವರ ಜೊತೆ ಪಾಲಿಕೆ ನಾಮನಿರ್ದೇಶನ ಮಾಡುವ ಹತ್ತು ಮಂದಿ ಎಂದಾಯಿತು. ಆ ಹತ್ತರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಕನಿಷ್ಠ ಇಬ್ಬರು, ಮಹಿಳೆಯರು ಕನಿಷ್ಠ ಮೂವರು, ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇಬ್ಬರು ಇರಬೇಕು. ಬಳ್ಳಾರಿ ಪಾಲಿಕೆಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ ನಡೆದದ್ದು 39 ವಾರ್ಡುಗಳಿಗೆ. ಅಂದರೆ ನಮ್ಮ ಒಂದು ನಗರಕ್ಕೇ 390 ಮಂದಿ ಸಂಬಳವಿಲ್ಲದೆ ದುಡಿಯುವವರು ಬೇಕು.

ಇವರನ್ನು ಪಾಲಿಕೆಗೆ ರಾಜ್ಯ ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರೊಂದಿಗೆ ಬೆರೆಸಬೇಡಿ. ಅವರು ಐದು ಮಂದಿಯನ್ನು ಮೀರುವಂತಿಲ್ಲ, ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಆ ನೇಮಕದ ರಾಜಕಾರಣವೇ ಬೇರೆ. ವಾರ್ಡ್ ಸಮಿತಿಯವರು ನೋಡಬೇಕಾದದ್ದು ಕಸ, ಚರಂಡಿ, ಬೀದಿ ದೀಪ, ಉದ್ಯಾನ, ವಾರ್ಡಿನ ಅಭಿವೃದ್ಧಿ ಯೋಜನೆ, ಬಂದ ಹಣ ಸರಿಯಾಗಿ ಖರ್ಚಾಯಿತೇ ಎಂಬುದು.

ಈಗ ನಾನು ಕಂಡ ಒಂದು ನೇಮಕವನ್ನು ಹೇಳುತ್ತೇನೆ. ನಾನು ಕೆಲಸದಲ್ಲಿದ್ದ ಒಂದು ಪಟ್ಟಣದಲ್ಲಿ ಮೇಲಿನಿಂದ ಸುತ್ತೋಲೆ ಬಂದ ಕಾರಣಕ್ಕೆ ಊರಿನ ನೀರಿನ ವಿಷಯಕ್ಕೆಂದು ಒಂದು ಸಲಹಾ ಸಮಿತಿಯನ್ನು ಒಂದೇ ಸಂಜೆಯಲ್ಲಿ ರಚಿಸಲಾಯಿತು. ಹೆಸರುಗಳನ್ನು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ: ಒಬ್ಬ ವೈದ್ಯರು, ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು, ಇಬ್ಬರು ವರ್ತಕರು, ಒಬ್ಬ ವಕೀಲರು. ಎಲ್ಲರೂ ಗೌರವಸ್ಥರೇ, ಯಾರ ಮೇಲೂ ಒಂದು ಮಾತು ಆಡುವಂತಿರಲಿಲ್ಲ. ಬರೆದು ಮುಗಿಸಿದ ಮೇಲೆ ವಿಳಾಸ ನೋಡಿದರೆ ಎಲ್ಲರ ಮನೆಯೂ ಮೂರೇ ಬೀದಿಗಳಲ್ಲಿತ್ತು. ಮೊದಲ ಸಭೆಗೆ ಎಲ್ಲರೂ ಬಂದರು, ಶಾಲು ಹೊದಿಸಿದೆವು, ಫೋಟೊ ತೆಗೆದೆವು. ನಾಲ್ಕನೇ ಸಭೆಗೆ ಬಂದವರು ಇಬ್ಬರು. ಅಲ್ಲಿಂದ ಮುಂದೆ ನಡಾವಳಿ ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿ ಹಾಕಿಸಿಕೊಂಡು ಬರುವ ಕೆಲಸ ನನ್ನದಾಯಿತು. ನಡೆಯದ ಸಭೆಗೆ ಸಹಿ ಸಂಗ್ರಹಿಸಿದ್ದು ತಪ್ಪು, ಅದರಲ್ಲಿ ನನ್ನ ಪಾಲೂ ಇದೆ. ಆದರೆ ಆ ಸಮಿತಿ ಕೆಟ್ಟದ್ದು ನಾಲ್ಕನೇ ಸಭೆಯಲ್ಲಲ್ಲ, ಹೆಸರು ಬರೆದ ಆ ಸಂಜೆಯೇ. ಮನೆಯಲ್ಲಿ ಕೊಳವೆ ಬಾವಿಯೂ ದೊಡ್ಡ ಸಂಪೂ ಇರುವವರಿಗೆ ಊರಿನ ನೀರಿನ ಸಭೆಗೆ ಬರಲೇಬೇಕಾದ ಕಾರಣ ಯಾವುದಿತ್ತು?

ಇದರಿಂದ ನಾನು ಕಲಿತದ್ದು ಇಷ್ಟು. ಸಮಿತಿಗೆ ಗಣ್ಯರನ್ನು ಹುಡುಕುವ ಪದ್ಧತಿಯನ್ನೇ ಬಿಡಬೇಕು. ಯಾವ ಸೌಕರ್ಯದ ಬಗ್ಗೆ ಸಮಿತಿ ಮಾತಾಡುತ್ತದೆಯೋ ಆ ಸೌಕರ್ಯ ಇಲ್ಲದೆ ದಿನ ನಡೆಯದವರು ಯಾರೋ ಅವರನ್ನು ಹುಡುಕಬೇಕು. ಬಳ್ಳಾರಿಗೆ ಕುಡಿಯುವ ನೀರು ಬರುವುದು ತುಂಗಭದ್ರಾ ಕಾಲುವೆಯಿಂದ. ಕಾಲುವೆ ನಿಂತ ಮೇಲೆ ಅಲ್ಲೀಪುರ ಮತ್ತು ಮೋಕಾದ ಕೆರೆಗಳಲ್ಲಿ ಸಂಗ್ರಹಿಸಿಟ್ಟದ್ದೇ ಗತಿ. ಬೇಸಿಗೆಯಲ್ಲಿ ನಲ್ಲಿ ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ, ಯಾವ ಓಣಿಯ ತುದಿಗೆ ನೀರು ಏರುವುದಿಲ್ಲ, ವಾಲ್ವ್‌ಮನ್ ಯಾವ ಕಡೆಯಿಂದ ತಿರುಗಿಸುತ್ತಾ ಬರುತ್ತಾನೆ ಎಂಬುದೆಲ್ಲ ಕೊಡ ಹಿಡಿದು ಕಾಯುವ ಹೆಣ್ಣುಮಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವಳು ಸಮಿತಿಯಲ್ಲಿದ್ದರೆ ಎಂಜಿನಿಯರರು ತಂದ ನಕ್ಷೆ ಐದು ನಿಮಿಷದಲ್ಲಿ ಪರೀಕ್ಷೆಯಾಗುತ್ತದೆ.

ಬೆಳೆಯುತ್ತಿರುವ ಊರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ, ನಿಮ್ಮ ಪ್ರಶ್ನೆಯ ತಿರುಳು ಇರುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ನಿವಾಸಿಗಳ ಸಂಘಗಳಿಗೆಂದು ಇಟ್ಟ ಎರಡು ಸ್ಥಾನಗಳು ಸಾಮಾನ್ಯವಾಗಿ ಹಳೆಯ ಬಡಾವಣೆಗಳ ಪಾಲಾಗುತ್ತವೆ, ಏಕೆಂದರೆ ಸಂಘ, ನೋಂದಣಿ, ಲೆಟರ್‌ಹೆಡ್, ರಬ್ಬರ್ ಸ್ಟಾಂಪು ಇರುವುದು ಅವರ ಬಳಿ. ಅಲ್ಲಿ ಒಳಚರಂಡಿಯಾಗಿ ಎಷ್ಟೋ ವರ್ಷವಾಗಿರುತ್ತದೆ. ಅವರು ಕೇಳುವುದು ಉದ್ಯಾನಕ್ಕೆ ಬೇಲಿ, ನಡೆಯಲು ಕಲ್ಲುಹಾಸು. ಅದೇ ವಾರ್ಡಿನ ಅಂಚಿನಲ್ಲಿ ಮೊನ್ನೆಯವರೆಗೂ ಹೊಲವಾಗಿದ್ದ ಎರೆ ಭೂಮಿಯಲ್ಲಿ ಮನೆಗಳು ಎದ್ದಿರುತ್ತವೆ. ಮಳೆ ಬಂದರೆ ಬೈಕಿನ ಗಾಲಿಗೆ ಎರೆಮಣ್ಣು ಮೆತ್ತಿಕೊಂಡು ಶಾಲೆಯ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ, ಕಸದ ಟಿಪ್ಪರ್ ಗಾಡಿ ಒಳಗೆ ಬರುವುದಿಲ್ಲ. ಅವರಿಗೆ ಸಂಘವಿಲ್ಲ. ಪಕ್ಕದ ಮನೆಯವರ ಹೆಸರೇ ಇನ್ನೂ ಗೊತ್ತಿಲ್ಲದಿರುವಾಗ ಸಂಘ ಎಲ್ಲಿಂದ ಬರಬೇಕು? ಸಂಘವಿದ್ದವರಿಗೆ ಮಾತ್ರ ಸ್ಥಾನ ಎಂದಾದರೆ, ಊರು ಎಲ್ಲಿ ಬೆಳೆಯುತ್ತಿದೆಯೋ ಅಲ್ಲಿಯವರ ಮಾತನ್ನು ಕೇಳುವವರೇ ಇರುವುದಿಲ್ಲ. ಕಾನೂನು ಹೆಸರಿಸಿದ ಇಬ್ಬರು, ಮೂವರು, ಇಬ್ಬರನ್ನು ಬಿಟ್ಟರೆ ಇನ್ನೂ ಮೂರು ಸ್ಥಾನಗಳು ಉಳಿಯುತ್ತವೆ. ಅವುಗಳಲ್ಲಿ ಎರಡನ್ನಾದರೂ ವಾರ್ಡಿನ ತೀರಾ ಹೊಸ ಭಾಗದವರಿಗೆ ಮೀಸಲಿಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಈ ಮೂರನ್ನೂ ಆಪ್ತರಿಗೆ ಹಂಚುವ ರೂಢಿ ಎಲ್ಲಿ ನೋಡಿದರೂ ಇದ್ದೇ ಇದೆ.

ಅರ್ಹತೆಯ ವಿಚಾರದಲ್ಲಿಯೂ ಎಚ್ಚರ ಬೇಕು. ಆಸ್ತಿ ತೆರಿಗೆಯ ರಸೀದಿ ತಂದವರೇ ಅರ್ಜಿ ಹಾಕಬೇಕು ಎಂದರೆ ಬಾಡಿಗೆ ಮನೆಯವರೆಲ್ಲ ಹೊರಗುಳಿಯುತ್ತಾರೆ. ಖಾತೆ ಇನ್ನೂ ಸರಿಯಾಗದ ರೆವಿನ್ಯೂ ಸೈಟಿನವರು ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ಆ ವಾರ್ಡಿನ ಮತದಾರರು ಎಂಬ ಒಂದು ಗುರುತು ಸಾಕು. ಆದರೆ ಒಂದು ಘೋಷಣೆಯನ್ನು ಎಲ್ಲರಿಂದಲೂ ಬರೆಸಿಕೊಳ್ಳಬೇಕು: ತಾನಾಗಲಿ ತನ್ನ ಮನೆಯವರಾಗಲಿ ಪಾಲಿಕೆಯ ಗುತ್ತಿಗೆ ಹಿಡಿದಿದ್ದೇವೆಯೇ, ಆ ವಾರ್ಡಿನಲ್ಲಿ ಲೇಔಟ್ ಮಾಡುವ, ಸೈಟು ಮಾರುವ ವ್ಯವಹಾರ ಇದೆಯೇ ಎಂದು. ಬೆಳೆಯುವ ಊರಿನಲ್ಲಿ ಹಣವೆಲ್ಲ ನೆಲದಲ್ಲಿಯೇ ಇರುತ್ತದೆ, ರಸ್ತೆ ಯಾವ ಕಡೆಗೆ ತಿರುಗುತ್ತದೆ ಎಂಬ ಒಂದು ಸಲಹೆಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆ. ವ್ಯವಹಾರವಿದ್ದವರನ್ನು ದೂರವಿಡಿ ಎಂದು ನಾನು ಹೇಳುತ್ತಿಲ್ಲ; ಆ ವಿಷಯ ಚರ್ಚೆಗೆ ಬಂದ ದಿನ ಅವರು ಎದ್ದು ಹೊರಗೆ ಕೂರಬೇಕು, ಮತ್ತು ಹಾಗೆ ಕೂತದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಆಯ್ಕೆಯ ಕ್ರಮಕ್ಕೆ ಒಳ್ಳೆಯ ಮಾದರಿ ನಮ್ಮ ಕಾನೂನಿನಲ್ಲಿಯೇ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಆ ಪೈಕಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಅಂಥ ಒಂದು ಚುನಾವಣೆಯ ಕೆಲಸದಲ್ಲಿ ನಾನಿದ್ದೆ. ಗೆದ್ದವರಲ್ಲಿ ಹೂವು ಮಾರುವ ಒಬ್ಬ ತಾಯಿ ಇದ್ದರು. ಮೊದಲ ಸಭೆಯಲ್ಲಿ ಅಧಿಕಾರಿಗಳು ವ್ಯಾಪಾರಕ್ಕೆಂದು ಗುರುತಿಸಿದ ಜಾಗವನ್ನು ವಿವರಿಸಿದಾಗ ಅವರು ಎದ್ದು, ‘ಸಾಹೇಬ್ರ, ಅಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ನೆರಳಿಲ್ಲ, ಹೂವು ಬಾಡ್ತಾವ, ಹಣ್ಣಿನವರಿಗೆ ಕೊಡ್ರಿ, ನಮಗ ಗುಡಿ ಕಡೆ ಗ್ವಾಡಿ ಮಗ್ಗಲ ಕೊಡ್ರಿ’ ಎಂದರು. ಹಣ್ಣಿನವರು ತಮಗೂ ಬಿಸಿಲು ಬೇಡವೆಂದರು. ಒಂದು ಗಂಟೆ ವಾದ ನಡೆಯಿತು. ಕೊನೆಗೆ ತಗಡಿನ ನೆರಳು ಹಾಕಿಸುವುದೆಂದು ಠರಾವಾಯಿತು. ನಾನು ಕಂಡ ಸಲಹಾ ಸಭೆಗಳಲ್ಲಿ ನಿಜವಾದ ಸಭೆ ಎಂದರೆ ಅದು. ವಾರ್ಡ್ ಸಮಿತಿಗೆ ಚುನಾವಣೆಯಿಲ್ಲ, ನಾಮನಿರ್ದೇಶನ ಮಾತ್ರ. ಆದರೂ ಬೀದಿಯ ಜನರೇ ಹೆಸರು ಸೂಚಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅರ್ಜಿ ಕರೆದದ್ದನ್ನು ಕಚೇರಿಯ ಫಲಕಕ್ಕೆ ಅಂಟಿಸಿ ಸುಮ್ಮನಾಗದೆ ಕಸದ ಗಾಡಿಯ ಮೈಕಿನಲ್ಲಿ ಹೇಳಿಸಬೇಕು, ಬಳ್ಳಾರಿಯಂಥ ಊರಿನಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಮಾತಿನಲ್ಲಿಯೂ ಹೇಳಿಸಬೇಕು. ಬಂದ ಎಲ್ಲ ಅರ್ಜಿಗಳ ಹೆಸರನ್ನೂ, ಆಯ್ಕೆಯಾದವರ ಹೆಸರಿನ ಮುಂದೆ ಒಂದು ಸಾಲಿನ ಕಾರಣವನ್ನೂ ಪ್ರಕಟಿಸಬೇಕು. ಕಾರಣ ಬರೆಯಬೇಕಾಗಿ ಬಂದಾಗ ಪಟ್ಟಿ ತಾನಾಗಿಯೇ ಬದಲಾಗುತ್ತದೆ.

ಸಭೆಯ ಹೊತ್ತು ಸಣ್ಣ ವಿಷಯವೆಂದು ತೋರಬಹುದು, ಆದರೆ ಅದು ನೇಮಕದ ಭಾಗವೇ. ಕೌಲ್ ಬಜಾರ್ ಕಡೆ ಮನೆಯಲ್ಲಿ ಕೂತು ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳಿಗೆ ಕೂಲಿ ಪೀಸಿನ ಲೆಕ್ಕದಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಅಂದಿನ ಅರ್ಧ ದುಡಿಮೆ ಹೋದಂತೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ನೌಕರರ ಅನುಕೂಲಕ್ಕೆ ವೇಳೆ ಬದಲಾಗಬಹುದಾದರೆ ಸಮಿತಿಯ ಸದಸ್ಯರ ಅನುಕೂಲಕ್ಕೆ ಭಾನುವಾರ ಸಂಜೆ, ವಾರ್ಡಿನ ಶಾಲೆಯಲ್ಲಿ ಸೇರುವುದು ಅಸಾಧ್ಯವಲ್ಲ. ಮಹಿಳೆಯರ ಮೂರು ಸ್ಥಾನಗಳಿಗೆ ಹೆಸರು ಕೊಟ್ಟು ಸಭೆಗೆ ಅವರ ಗಂಡಂದಿರು ಬಂದು ಕೂರುವುದನ್ನು ಅಧ್ಯಕ್ಷರು ಮೊದಲ ದಿನವೇ ತಡೆಯಬೇಕು. ಸ್ವಸಹಾಯ ಸಂಘಗಳಲ್ಲಿ ಲೆಕ್ಕದ ಪುಸ್ತಕ ಬರೆದು, ಬ್ಯಾಂಕಿನ ಸಾಲ ತೀರಿಸಿ ಪಳಗಿದ ಹೆಣ್ಣುಮಕ್ಕಳು ಎಲ್ಲ ಓಣಿಗಳಲ್ಲಿಯೂ ಇದ್ದಾರೆ. ‘ಮಾತಾಡುವ ಹೆಂಗಸರು ಸಿಗುವುದಿಲ್ಲ’ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ.

ಇಷ್ಟು ಸರಳವಾದದ್ದು ಏಕೆ ನಡೆಯುವುದಿಲ್ಲ ಎಂದು ನೀವು ಕೇಳಬಹುದು. ಪಾಲಿಕೆ ಸದಸ್ಯರ ಮನಸ್ಸಿನಲ್ಲಿ ಒಂದು ಅಂಜಿಕೆ ಇರುತ್ತದೆ: ಇಂದು ಸಮಿತಿಯಲ್ಲಿ ಕೂತು ವಾರ್ಡನ್ನೆಲ್ಲ ತಿಳಿದುಕೊಂಡವರು ನಾಳೆ ತಮ್ಮ ಎದುರೇ ಚುನಾವಣೆಗೆ ನಿಂತಾರು. ಈ ಅಂಜಿಕೆ ಸುಳ್ಳಲ್ಲ, ಹಾಗೆ ನಿಲ್ಲುವುದು ತಪ್ಪೂ ಅಲ್ಲ. ಆದರೆ ಸದಸ್ಯರಿಗೆ ಸಮಿತಿಯಿಂದ ಆಗುವ ಉಪಕಾರವನ್ನು ಯಾರೂ ಅವರಿಗೆ ಹೇಳುವುದಿಲ್ಲ. ಹಣ ಒಂದು ರಸ್ತೆಗೆ ಮಾತ್ರ ಇದ್ದು ಬೇಡಿಕೆ ಆರು ರಸ್ತೆಗಳಿಂದ ಬಂದಾಗ, ಹತ್ತು ಜನರ ಎದುರು ತೀರ್ಮಾನವಾದದ್ದನ್ನು ಉಳಿದ ಐದು ರಸ್ತೆಯವರು ಬೈದುಕೊಂಡಾದರೂ ಒಪ್ಪುತ್ತಾರೆ. ಒಬ್ಬರೇ ಮಾಡಿದ ತೀರ್ಮಾನವನ್ನು ಒಪ್ಪುವುದಿಲ್ಲ. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ವಾರ್ಡ್ ಸಮಿತಿಗಳಾದವು. ನಮ್ಮಲ್ಲಿ ಅಷ್ಟು ದೂರ ಹೋಗದೆ ಆಗಲಿ ಎಂಬುದು ನನ್ನ ಆಸೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅರ್ಜಿ ಹಾಕಿ. ಯಾರ ಪರಿಚಯವೂ ಇಲ್ಲ ಎಂಬುದನ್ನು ಕೊರತೆಯೆಂದು ತಿಳಿಯಬೇಡಿ, ಆದರೆ ಒಬ್ಬರೇ ಹೋಗಬೇಡಿ. ನಿಮ್ಮ ಬಡಾವಣೆಯ ಇಪ್ಪತ್ತು ಮೂವತ್ತು ಮನೆಯವರನ್ನು ಒಂದು ಭಾನುವಾರ ಸೇರಿಸಿ, ಬಾಡಿಗೆಯವರನ್ನೂ ಕರೆದು, ನಿಮ್ಮ ಹೆಸರನ್ನೋ ನಿಮಗಿಂತ ಹೆಚ್ಚು ಬಿಡುವಿರುವ ಇನ್ನೊಬ್ಬರ ಹೆಸರನ್ನೋ ಎಲ್ಲರ ಸಹಿಯೊಂದಿಗೆ ಸೂಚಿಸಿ. ಅರ್ಜಿಯಲ್ಲಿ ವಿದ್ಯಾರ್ಹತೆ, ಪ್ರಶಸ್ತಿ ಬರೆಯುವುದಕ್ಕಿಂತ ನಿಮ್ಮ ಕಡೆಯ ಮೂರು ಸಂಗತಿಗಳನ್ನು ಅಳೆದು ಬರೆಯಿರಿ: ಎಷ್ಟು ಕಂಬಗಳಲ್ಲಿ ದೀಪವಿಲ್ಲ, ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಚರಂಡಿ ಯಾವ ತಿರುವಿನಲ್ಲಿ ನಿಲ್ಲುತ್ತದೆ. ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲಿರಿ ಎಂಬುದನ್ನೂ ಉತ್ಪ್ರೇಕ್ಷೆಯಿಲ್ಲದೆ ಬರೆಯಿರಿ. ನಿಮ್ಮ ವಾರ್ಡಿನಲ್ಲಿ ಸಮಿತಿ ಈಗಾಗಲೇ ಇದೆಯೇ, ಅದರಲ್ಲಿ ಯಾರಿದ್ದಾರೆ, ಸಭೆಗಳು ನಡೆದಿವೆಯೇ ಎಂಬುದು ಬಾಯಿಮಾತಿನಲ್ಲಿ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಪಟ್ಟಿ ಮತ್ತು ನಡಾವಳಿಗಳ ನಕಲು ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು.

ನೇಮಕವಾದರೆ ಮೊದಲ ಸಭೆಯಲ್ಲಿಯೇ ಎರಡು ಠರಾವುಗಳಿಗೆ ಒತ್ತಾಯಿಸಿ. ಸಮಿತಿ ಕೊಟ್ಟ ಪ್ರತಿ ಸಲಹೆಗೂ ಮುಂದಿನ ಸಭೆಯೊಳಗೆ ಲಿಖಿತ ಉತ್ತರ ಬರಬೇಕು, ಆಗುವುದಿಲ್ಲ ಎಂದಾದರೆ ಏಕೆ ಎಂಬುದರೊಂದಿಗೆ. ಕಾರಣ ತಿಳಿಸದೆ ಮೂರು ಸಭೆ ತಪ್ಪಿಸಿದವರ ಜಾಗಕ್ಕೆ ಬೇರೆಯವರನ್ನು ನೇಮಿಸುವಂತೆ ಪಾಲಿಕೆಯನ್ನು ಕೇಳಬೇಕು. ಇದು ಇಲ್ಲದಿದ್ದರೆ ಯಾರೋ ಒಬ್ಬರು ಮತ್ತೆ ನಡಾವಳಿ ಪುಸ್ತಕ ಹಿಡಿದು ಮನೆಮನೆಗೆ ಅಲೆಯಬೇಕಾಗುತ್ತದೆ.

ಅರ್ಜಿಯನ್ನು ಯಾರ ಕೈಯಲ್ಲಿಯೂ ಕೊಟ್ಟು ಕಳಿಸಬೇಡಿ. ಎರಡು ಪ್ರತಿ ಮಾಡಿಕೊಂಡು ನೀವೇ ಹೋಗಿ, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ.