ಎನ್‌ಐಆರ್‌ಎಫ್ ರ‍್ಯಾಂಕ್ ನೋಡಿ ಕಾಲೇಜಿಗೆ ಸೇರಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಮಗಳು ಸಿಇಟಿ ಬರೆದಿದ್ದಾಳೆ, ಬೇಕಾದ ಕಾಲೇಜುಗಳನ್ನು ಆರಿಸಿ ತುಂಬುವ ಆಪ್ಷನ್ ಎಂಟ್ರಿ ಹತ್ತಿರ ಬಂದಿದೆ. ಒಂದು ಕಾಲೇಜು ದೂರ, ಆದರೆ ಕೇಂದ್ರ ಸರ್ಕಾರ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ 101ರಿಂದ 150ರೊಳಗೆ ಇದೆ. ಇನ್ನೊಂದು ಮನೆಗೆ ಹತ್ತಿರ, ಪಟ್ಟಿಯಲ್ಲೇ ಇಲ್ಲ. ಈ ರ‍್ಯಾಂಕಿಂಗ್ ನ್ಯಾಯವಾಗಿದೆಯಾ, ಇದನ್ನು ನಂಬಿ ಮಗಳನ್ನು ದೂರ ಕಳಿಸಬಹುದಾ ಎಂದು ಕೇಳಿದ್ದೀರಿ.

ನಾನು ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾಲ್ಕು ವರ್ಷ ಈ ಪಟ್ಟಿಗೆ ಮಾಹಿತಿ ತುಂಬುವ ಕೆಲಸವೂ ನನ್ನ ತಲೆ ಮೇಲೇ ಬಿದ್ದಿತ್ತು. ಹಾಗಾಗಿ ಬಡಿಸಿದ ಎಲೆ ನೋಡಿದವನಲ್ಲ, ಅಡುಗೆ ಮನೆ ನೋಡಿದವನು ಅಂದುಕೊಳ್ಳಿ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ರ‍್ಯಾಂಕ್ ನಂಬರನ್ನು ಪಕ್ಕಕ್ಕಿಡಿ. ಆದರೆ ಆ ನಂಬರು ಹುಟ್ಟಿದ ಪಿಡಿಎಫ್, ಅಂದರೆ ಕಾಲೇಜು ತನ್ನ ಬಗ್ಗೆ ತುಂಬಿ ಕಳಿಸಿದ ಮಾಹಿತಿ, ಇದೆಯಲ್ಲ, ಅದನ್ನು ಮಾತ್ರ ಬಿಡಬೇಡಿ.

ಕೇಂದ್ರ ಸರ್ಕಾರ ಇದನ್ನು ಶುರು ಮಾಡಿದ್ದು 2015ರಲ್ಲಿ, ಮೊದಲ ಪಟ್ಟಿ ಬಂದಿದ್ದು 2016ರ ಏಪ್ರಿಲ್‌ನಲ್ಲಿ. ಇಂಜಿನಿಯರಿಂಗ್ ಕಾಲೇಜುಗಳಿಗೆ ನೂರಕ್ಕೆ 30 ಅಂಕ ಬೋಧನೆ ಮತ್ತು ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ಪಾಸಾದ ಮಕ್ಕಳು ಏನಾದರು ಅನ್ನುವುದಕ್ಕೆ, 10 ಯಾವ ಯಾವ ಬಗೆಯ ವಿದ್ಯಾರ್ಥಿಗಳಿದ್ದಾರೆ ಅನ್ನುವುದಕ್ಕೆ, ಉಳಿದ 10 ಹೆಸರಿಗೆ. ಹೆಸರಿಗೆ ಅಂದರೆ, ಬೇರೆ ಕಡೆಯ ಪ್ರೊಫೆಸರುಗಳು ಮತ್ತು ಕೆಲಸ ಕೊಡುವವರು ನಿಮ್ಮ ಕಾಲೇಜಿನ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ. ಹೆಸರಿದ್ದವರಿಗೆ ರ‍್ಯಾಂಕ್ ಬರುತ್ತದೆ, ರ‍್ಯಾಂಕ್ ಬಂದವರಿಗೆ ಹೆಸರು ಬರುತ್ತದೆ. ಐಐಟಿ ಮದ್ರಾಸ್ 2016ರಿಂದ 2025ರವರೆಗೆ ಇಂಜಿನಿಯರಿಂಗ್‌ನಲ್ಲಿ ಒಮ್ಮೆಯೂ ಮೊದಲ ಸ್ಥಾನ ಬಿಟ್ಟಿಲ್ಲ. ಅದಕ್ಕೆ ಅರ್ಹತೆ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ನಿಮ್ಮ ಚಿಂತೆ ಮೊದಲ ಹತ್ತರದ್ದಲ್ಲ, ಅಲ್ವಾ?

ಈ ಲೆಕ್ಕದಲ್ಲಿ ಏನಿಲ್ಲ ನೋಡಿ. ಬೋಧನೆಗೆ ಅಂಕ ಅಂದೆನಲ್ಲ, ಅದರಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಮೇಷ್ಟ್ರು, ಎಷ್ಟು ಜನಕ್ಕೆ ಪಿಎಚ್‌ಡಿ ಇದೆ, ಲೈಬ್ರರಿಗೆ, ಲ್ಯಾಬಿಗೆ ಎಷ್ಟು ಖರ್ಚಾಯಿತು ಎಂದು ಎಣಿಸುತ್ತಾರೆ. ಕ್ಲಾಸಿಗೆ ಬಂದು ಯಾರೂ ಕೂರುವುದಿಲ್ಲ. ನಮ್ಮಲ್ಲಿ ಒಬ್ಬ ಮೇಡಂ ಇದ್ದರು. ಪಿಎಚ್‌ಡಿ ಇಲ್ಲ, ಸಂಶೋಧನಾ ಪೇಪರ್ ಬರೆದವರಲ್ಲ. ಆದರೆ ಅವರು ಸರ್ಕ್ಯೂಟ್ ಪಾಠ ಮಾಡಿದರೆ ಪಕ್ಕದ ಸೆಕ್ಷನ್ ಹುಡುಗರೂ ಬಂದು ಹಿಂದಿನ ಬೆಂಚಲ್ಲಿ ಕೂರುತ್ತಿದ್ದರು. ನನ್ನ ಎಕ್ಸೆಲ್ ಶೀಟಿನಲ್ಲಿ ಅವರು ಕಾಲೇಜಿನ ಅಂಕ ಇಳಿಸುವವರು.

ಆ ಶೀಟ್ ತುಂಬುವುದು ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಒಂದು ಪ್ರಶ್ನೆ ಬರುತ್ತದೆ: ಅಂಗವಿಕಲ ವಿದ್ಯಾರ್ಥಿಗಳಿಗೆ ವೀಲ್‌ಚೇರ್ ಇದೆಯಾ, ಕಟ್ಟಡಗಳಲ್ಲಿ ಲಿಫ್ಟು, ರ‍್ಯಾಂಪು ಇವೆಯಾ? ನಮ್ಮಲ್ಲಿ ವೀಲ್‌ಚೇರ್ ಇತ್ತು. ಸ್ಟೋರ್ ರೂಮಿನಲ್ಲಿ, ಹಳೆಯ ಡ್ರಾಯಿಂಗ್ ಬೋರ್ಡುಗಳ ಹಿಂದೆ. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಲಿಫ್ಟೂ ಇತ್ತು, ಬಾಗಿಲಿಗೆ ‘ಸಿಬ್ಬಂದಿಗೆ ಮಾತ್ರ’ ಎಂದು ಚೀಟಿ ಅಂಟಿಸಿದ್ದರು. ಅದೇ ವರ್ಷ ಆಕ್ಸಿಡೆಂಟಾಗಿ ಕಾಲಿಗೆ ರಾಡ್ ಹಾಕಿಸಿಕೊಂಡಿದ್ದ ಒಬ್ಬ ಹುಡುಗ ಇಬ್ಬರು ಗೆಳೆಯರ ಹೆಗಲು ಹಿಡಿದು ಮೂರನೇ ಮಹಡಿ ಹತ್ತುತ್ತಿದ್ದ. ನಾನು ಎರಡಕ್ಕೂ ‘ಹೌದು’ ಎಂದೇ ತುಂಬಿದೆ. ಸುಳ್ಳಂತೂ ಅಲ್ಲ.

ಪ್ಲೇಸ್‌ಮೆಂಟ್ ಕಥೆ ಇನ್ನೂ ಚೆನ್ನಾಗಿದೆ. ಮಾಹಿತಿ ಕಳಿಸುವ ಕೊನೆಯ ದಿನ ಹತ್ತಿರ ಬಂದಂತೆ ಪಾಸಾಗಿ ಹೋದ ಹುಡುಗರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆವು. ‘ಆಫರ್ ಲೆಟರ್ ಬಂದಿದೆ ಸಾರ್, ಜಾಯ್ನಿಂಗ್ ಡೇಟ್ ಬಂದಿಲ್ಲ’ ಎಂದ ಒಬ್ಬ. ಎಷ್ಟು ತಿಂಗಳಾಯಿತು ಎಂದರೆ ಎಂಟು ಅಂದ. ಈಗೇನು ಮಾಡ್ತಿದ್ದೀಯ ಅಂದರೆ ಮಾವನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದೀನಿ ಅಂದ. ಇವನನ್ನು ಯಾವ ಕಾಲಂಗೆ ಹಾಕಲಿ ಎಂದು ಕೇಳಿದೆ. ‘ಲೆಟರ್ ಇದೆಯಲ್ರೀ, ಪ್ಲೇಸ್ಡ್ ಅಂತ ಹಾಕಿ’ ಎಂದರು ಮೇಲಿನವರು. ಹಾಕಿದೆ.

ಹೀಗೆ ಕಾಲೇಜೇ ತುಂಬಿ ಕಳಿಸುವ ಲೆಕ್ಕದ ಮೇಲೆ ಪಟ್ಟಿ ನಿಂತಿದೆ. ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ಒಂದು ಹೆಸರಾಂತ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿತ್ತು. 2022ರಲ್ಲಿ ಅದೇ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್ ಮೈಕೆಲ್ ಥಾಡಿಯಸ್ ಕೂತು ಲೆಕ್ಕ ಹಾಕಿ, ನಾವು ಕೊಟ್ಟ ಅಂಕಿಗಳು ಸರಿಯಿಲ್ಲ ಎಂದು ಬರೆದರು. ಆ ವರ್ಷ ಕೊಲಂಬಿಯಾ 18ಕ್ಕೆ ಇಳಿಯಿತು. ಒಂದೇ ಕಟ್ಟಡ, ಅದೇ ಮೇಷ್ಟ್ರು, ಅದೇ ಮಕ್ಕಳು. ನಮ್ಮ ಏಳು ಐಐಟಿಗಳು 2020ರಲ್ಲಿ ಲಂಡನ್ನಿನ ಟೈಮ್ಸ್ ಜಾಗತಿಕ ರ‍್ಯಾಂಕಿಂಗ್‌ಗೆ, ನಿಮ್ಮ ಲೆಕ್ಕ ಪಾರದರ್ಶಕವಾಗಿಲ್ಲ, ನಾವು ಬರಲ್ಲ ಎಂದು ಕೈಕೊಟ್ಟಿದ್ದೂ ಉಂಟು.

ನ್ಯಾಯದ ಪ್ರಶ್ನೆಗೆ ಬರೋಣ. ನನಗೆ ಜಾಸ್ತಿ ಚುಚ್ಚುವುದು ಒಂದೇ ಜಾಗ. ಹೊರರಾಜ್ಯದ ಮಕ್ಕಳು ಹೆಚ್ಚಿದ್ದಷ್ಟೂ ಕಾಲೇಜಿಗೆ ಅಂಕ ಹೆಚ್ಚು. ಐಐಟಿಗೆ ಇದು ಸರಿ, ದೇಶವೆಲ್ಲ ಅಲ್ಲಿಗೇ ಬರುತ್ತದೆ. ಆದರೆ ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯ ಸರ್ಕಾರಿ ಕಾಲೇಜು ಏನು ಮಾಡಬೇಕು? ಸಂವಿಧಾನದ 371ಜೆ ಪ್ರಕಾರ ಆ ಭಾಗದ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ 70 ಪರ್ಸೆಂಟ್ ಸೀಟು ಅಲ್ಲಿನವರಿಗೇ ಮೀಸಲು. ಹಿಂದುಳಿದ ಭಾಗ, ಅಲ್ಲಿನ ಮಕ್ಕಳು ಓದಲಿ ಅಂತಲೇ ಕೊಟ್ಟಿದ್ದು. ಒಂದು ಕೈಯಲ್ಲಿ ಊರಿನ ಮಕ್ಕಳಿಗೇ ಸೀಟು ಕೊಡಿ ಎನ್ನುತ್ತಾರೆ, ಇನ್ನೊಂದು ಕೈಯಲ್ಲಿ ಹೊರಗಿನವರು ಯಾಕಿಲ್ಲ ಎಂದು ಅಂಕ ಕಿತ್ತುಕೊಳ್ಳುತ್ತಾರೆ. ಬಡ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಒಂದಿಷ್ಟು ಅಂಕ ಇಟ್ಟಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಅಪ್ಪ ಅಮ್ಮ ಇಬ್ಬರೂ ಶಾಲೆಯ ಮುಖ ನೋಡದ ಮನೆಯ ಹುಡುಗಿ ಡಿಗ್ರಿ ಮುಗಿಸಿದರೆ ಆ ಕಾಲೇಜು ಎಷ್ಟು ದೂರ ಎಳೆದಿದೆ ಅನ್ನುವುದನ್ನು ಅಳೆಯುವ ಕಾಲಂ ಆ ಶೀಟಿನಲ್ಲಿ ನನಗೆ ಸಿಗಲಿಲ್ಲ.

ಇನ್ನು ‘ಪಟ್ಟಿಯಲ್ಲೇ ಇಲ್ಲ’ ಅನ್ನುವ ವಿಚಾರ. ಅರ್ಜಿ ಹಾಕುವುದು ಕಾಲೇಜಿನ ಇಷ್ಟ. ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ, 2025ರಲ್ಲಿ ಎಲ್ಲ ವಿಭಾಗ ಸೇರಿ ಅರ್ಜಿ ಹಾಕಿದ ಸಂಸ್ಥೆಗಳು ಎಂಟು ಸಾವಿರವೂ ಇಲ್ಲ. ಹಾಗಾಗಿ ಹೆಸರಿಲ್ಲ ಅಂದರೆ ಕೆಟ್ಟದ್ದು ಎಂದಲ್ಲ. ಒಳ್ಳೆಯದು ಎಂದೂ ಅಲ್ಲ, ಬಿಡಿ. ಮತ್ತೆ ನೂರರ ನಂತರ ರ‍್ಯಾಂಕೇ ಇರುವುದಿಲ್ಲ, 101ರಿಂದ 150 ಎಂದು ಗುಂಪು ಮಾಡಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಹೆಸರು ಬರೆದಿರುತ್ತಾರೆ. ಗುಂಪಿನಲ್ಲಿ ಮೊದಲು ಹೆಸರಿದೆ ಎಂದರೆ ಅದು ‘ಎ’ ಅಕ್ಷರದಿಂದ ಶುರುವಾಗುತ್ತದೆ ಅಂತ ಅಷ್ಟೇ!

ಈಗ ಪಿಡಿಎಫ್. ಎನ್‌ಐಆರ್‌ಎಫ್ ತಾಣದಲ್ಲಿ ರ‍್ಯಾಂಕ್ ಬಂದ ಕಾಲೇಜಿನ ಪಕ್ಕದಲ್ಲೇ ಇರುತ್ತದೆ. ಅರ್ಜಿ ಹಾಕಿದ ಕಾಲೇಜುಗಳು ತಮ್ಮ ತಾಣದಲ್ಲೂ ಹಾಕಬೇಕು. ಅದರಲ್ಲಿ ನಾಲ್ಕು ವರ್ಷದ ಯುಜಿ (ಪದವಿ) ಕೋರ್ಸಿನ ಸಾಲು ಹುಡುಕಿ. ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ನಾಲ್ಕೇ ವರ್ಷದಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು ಎಂದು ಇರುತ್ತದೆ.

ಮೀಡಿಯನ್ ಅಂದರೆ ಹೀಗೆ: ಕೆಲಸ ಸಿಕ್ಕ 61 ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ 31ನೆಯವರ ಸಂಬಳ. ಒಬ್ಬನಿಗೆ 50 ಲಕ್ಷ ಬಂದರೂ ಇದು ಅಲ್ಲಾಡುವುದಿಲ್ಲ. ಹೋರ್ಡಿಂಗ್‌ನಲ್ಲಿ ಹಾಕುವ ‘ಹೈಯೆಸ್ಟ್ ಪ್ಯಾಕೇಜ್’ಗಿಂತ ಇದು ಎಷ್ಟೋ ಮೇಲು. ಆದರೆ ಒಂದು ತೊಡಕಿದೆ. ಕೆಲಸ ಸಿಗದವರು ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳಿ: 300 ಜನ ಸೇರಿ, 220 ಜನ ಸರಿಯಾದ ಸಮಯಕ್ಕೆ ಪಾಸಾಗಿ, 61 ಜನಕ್ಕೆ ಆರು ಲಕ್ಷದ ಮೀಡಿಯನ್ ಇದ್ದರೆ, ನೀವು ನೋಡಬೇಕಾದದ್ದು ಆರು ಲಕ್ಷವನ್ನಲ್ಲ, 300ರ ಮುಂದೆ 61 ಅನ್ನುವುದನ್ನು.

ಪಾಸಾದವರ ಸಂಖ್ಯೆಯನ್ನೂ ಕಣ್ಣು ಮುಚ್ಚಿ ಹೋಲಿಸಬೇಡಿ. ಅಟಾನಮಸ್ ಕಾಲೇಜು ತನ್ನ ಪ್ರಶ್ನೆ ಪತ್ರಿಕೆ ತಾನೇ ಮಾಡುತ್ತದೆ. ಅಟಾನಮಸ್ ಅಲ್ಲದ ಕಾಲೇಜಿಗೆ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪತ್ರಿಕೆ ಬರುತ್ತದೆ. ಎರಡೂ ಕಡೆಯ ಪಾಸು ಒಂದೇ ತೂಕದ್ದಲ್ಲ. ಇನ್ನೊಂದು, 2025ರ ಪಟ್ಟಿಯಲ್ಲಿರುವ ಕೊನೆಯ ಬ್ಯಾಚ್ 2024ರಲ್ಲಿ ಹೊರಬಂದದ್ದು. ನಿಮ್ಮ ಮಗಳು ಹೊರಬರುವ ಹೊತ್ತಿಗೆ ಅದು ಹಳೇ ಪಂಚಾಂಗ.

ಒಂದು ಒಳ್ಳೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಈ ಪಟ್ಟಿ ಬರುವ ಮುಂಚೆ ನಾವೆಲ್ಲ ನಂಬಿದ್ದು ಪತ್ರಿಕೆಗಳ ರ‍್ಯಾಂಕಿಂಗ್ ಸಂಚಿಕೆಗಳನ್ನು. ರ‍್ಯಾಂಕ್ ಇರುವ ಪುಟದ ಎದುರಿನ ಪುಟದಲ್ಲಿ ಅದೇ ಕಾಲೇಜಿನ ಬಣ್ಣದ ಜಾಹೀರಾತು ಇರುತ್ತಿತ್ತು. ಈಗ ಕನಿಷ್ಠ ಕಾಲೇಜು ಏನು ಹೇಳಿಕೊಂಡಿದೆ ಅನ್ನುವುದು ಬರಹದಲ್ಲಿ ಇದೆ, ಸಾರ್ವಜನಿಕವಾಗಿ ಇದೆ. ನನ್ನಂಥವರು ತುಂಬಿದ್ದೇ ಆದರೂ ಮೂರು ವರ್ಷದ್ದು ಪಕ್ಕಪಕ್ಕ ಇಟ್ಟರೆ ಹುಳುಕು ಕಾಣುತ್ತದೆ.

ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ದೂರದ ಕಾಲೇಜಿನ ಮೂರು ವರ್ಷದ ಪಿಡಿಎಫ್ ತೆಗೆದು ಆ ಒಂದು ಸಾಲು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಹತ್ತಿರದ ಕಾಲೇಜಿಗೆ ಒಂದು ಮಧ್ಯಾಹ್ನ ಮಗಳ ಜೊತೆ ಹೋಗಿ, ಆಫೀಸಿಗಲ್ಲ, ಗೇಟಿನ ಮುಂದಿನ ಟೀ ಅಂಗಡಿಗೆ ಹೋಗಿ, ಐದನೇ ಸೆಮಿಸ್ಟರ್ ಹುಡುಗಿಯರನ್ನು ಎರಡೇ ಪ್ರಶ್ನೆ ಕೇಳುತ್ತಿದ್ದೆ: ಹೋದ ಸೆಮಿಸ್ಟರ್‌ನಲ್ಲಿ ಎಷ್ಟು ಮೇಷ್ಟ್ರು ನಡುವೆ ಬದಲಾದರು? ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರಿಗೆ ಎಷ್ಟು ಜನ ಕೂರುತ್ತೀರಿ? ಹಾಗೇ ಲಿಫ್ಟಿನ ಬಾಗಿಲಿನ ಮೇಲೆ ಏನು ಅಂಟಿಸಿದ್ದಾರೆ ಅಂತಲೂ ನೋಡಿಕೊಂಡು ಬನ್ನಿ.

ಪಿಡಿಎಫ್‌ನಲ್ಲಿ ಯಾವುದಾದರೂ ಕಾಲಂ ಅರ್ಥವಾಗದಿದ್ದರೆ ಇಲ್ಲೇ ಕೆಳಗೆ ಕೇಳಿ, ಭಾನುವಾರ ಕೂತು ನೋಡಿ ಹೇಳುತ್ತೇನೆ.