ಹಸಿವಾ, ಭಯವಾ?

ತೂಕದ ವಿಚಾರಕ್ಕೆ ಸಲಹೆ ಕೇಳಲು ನನ್ನ ಬಳಿ ಬರುವ ಒಬ್ಬರ ಕಥೆ ಇದು. ಅವರ ಹೆಸರು, ಕೆಲಸ ಯಾವುದನ್ನೂ ಹೇಳುವುದಿಲ್ಲ, ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಎತ್ತರ 158 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಸೀಲಿಯಾಕ್ ಕಾಯಿಲೆ ಪತ್ತೆಯಾದಾಗ ಅವರ ತೂಕ 44 ಕೆಜಿ. ಎರಡು ವರ್ಷದ ನಂತರ ನನ್ನೆದುರು ಬಂದು ಕೂತಾಗ 63.

"ಮೇಡಂ, ಗೋಧಿ ಬಿಟ್ಟರೆ ಸಣ್ಣಗಾಗ್ತೀಯ ಅಂತ ಎಲ್ಲರೂ ಹೇಳಿದ್ರು. ನಾನು ನೋಡಿದ್ರೆ ಊದಿಕೊಂಡಿದ್ದೀನಿ." ನಗುತ್ತಲೇ ಹೇಳಿದರು. ಆದರೆ ಮಡಿಲಲ್ಲಿದ್ದ ಚೀಲವನ್ನು ಕೊನೆಯವರೆಗೂ ಕೆಳಗಿಡಲಿಲ್ಲ.

ಮೊದಲು ಲೆಕ್ಕ ಸರಿ ಮಾಡಿಕೊಂಡೆವು. ಈ ಕಾಯಿಲೆ ಇದ್ದವರ ಹೊಟ್ಟೆಗೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಹೋದರೆ, ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಅಲ್ಲಿನ ಬೆರಳಿನಂಥ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಗ್ಲುಟೆನ್ ನಿಂತ ಮೇಲೆ ಕರುಳು ನಿಧಾನವಾಗಿ ವಾಸಿಯಾಗುತ್ತದೆ, ಅಷ್ಟೇ ಊಟ ಈಗ ಮೈಗೆ ಹತ್ತುತ್ತದೆ. ಅವರ 44 ಕೆಜಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 17.6. 18.5ರ ಕೆಳಗಿದ್ದರೆ ಕಡಿಮೆ ತೂಕ ಅಂತಲೇ ಲೆಕ್ಕ. ಹಾಗಾಗಿ 52 ಕೆಜಿಯವರೆಗೆ (ಬಿಎಂಐ 20.8) ಏರಿದ್ದು ಗುಣವಾದ ಗುರುತು, ಅದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಅಂದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲವಂತೆ.

ಉಳಿದ 11 ಕೆಜಿ ಬೇರೆ ಕಥೆ.

ಇಲ್ಲಿ ನಾನೇ ಎಡವಿದೆ. ಅವರು ತಿನ್ನುತ್ತಿದ್ದದ್ದು ಬೆಳಿಗ್ಗೆ ಗ್ಲುಟೆನ್ ಇಲ್ಲದ ಬ್ರೆಡ್, ಮಧ್ಯೆ ಮಧ್ಯೆ ಗ್ಲುಟೆನ್ ಇಲ್ಲದ ಬಿಸ್ಕತ್ತು, ಸಂಜೆ ಕೇಕ್. ಹಿಟ್ಟಿಗೆ ಅಂಟು ಕೊಡುವುದೇ ಗ್ಲುಟೆನ್, ಅದನ್ನು ತೆಗೆದಾಗ ಅಕ್ಕಿಹಿಟ್ಟು, ಮೆಕ್ಕೆಜೋಳದ ಅಥವಾ ಆಲೂಗಡ್ಡೆ ಪಿಷ್ಟ ಸೇರಿಸಿ, ರುಚಿಗೂ ಮೆತ್ತಗಿರಲಿಕ್ಕೂ ಕೊಬ್ಬು, ಸಕ್ಕರೆ ಜಾಸ್ತಿ ಹಾಕುವುದುಂಟು. ಪ್ರೋಟೀನು, ನಾರಿನಂಶ ಸಾಮಾನ್ಯವಾಗಿ ಕಡಿಮೆ, ಅದಕ್ಕೇ ಬೇಗ ಮತ್ತೆ ಹಸಿವು. ಇಷ್ಟು ಗೊತ್ತಿತ್ತಲ್ಲ, ಸುಮ್ನೆ "ಬಿಸ್ಕತ್ತು ನಿಲ್ಲಿಸಿ" ಅಂದುಬಿಟ್ಟೆ. ಮೂರು ವಾರ ಅವರ ಸುದ್ದಿಯೇ ಇಲ್ಲ.

ಮತ್ತೆ ಬಂದಾಗ ತಲೆ ತಗ್ಗಿಸಿಕೊಂಡು ಹೇಳಿದರು: "ಒಂದು ವಾರ ಮಾಮೂಲಿ ಬ್ರೆಡ್ಡೇ ತಿಂದೆ. ಭೇದಿ ಶುರುವಾಯ್ತು, ಎರಡು ಕೆಜಿ ಇಳೀತು."

ನಾನು ಸಾಮಾನ್ಯವಾಗಿ ದನಿ ಏರಿಸುವುದಿಲ್ಲ. ಅವತ್ತು ಸ್ವಲ್ಪ ಏರಿತು. ಹಾಗೆ ಇಳಿದದ್ದರಲ್ಲಿ ನೀರೇ ಹೆಚ್ಚು, ಜೊತೆಗೆ ವಾಸಿಯಾಗುತ್ತಿದ್ದ ಕರುಳಿಗೆ ಮತ್ತೆ ಗಾಯ. ಭೇದಿ ಆಗದೆ ಇದ್ದರೂ ಒಳಗೆ ಹಾನಿ ಆಗುತ್ತಿರಬಹುದು, ರಕ್ತಹೀನತೆ, ಮೂಳೆ ಸವೆತ ಎಲ್ಲ ಅದರ ಬೆನ್ನಿಗೇ ಬರಬಹುದು. ಪ್ಯಾಕೆಟ್ ಮೇಲೆ 'ಗ್ಲುಟೆನ್ ಇಲ್ಲ' ಅಂತ ಬರೆಯಬೇಕಾದರೆ ಒಳಗಿನ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ಮಿತಿ, ಇವರು ತಿಂದದ್ದು ಇಡೀ ಬ್ರೆಡ್ಡು!

ಆಮೇಲೆ ಕೇಳಿದೆ, ಚೀಲದಲ್ಲಿ ಏನಿದೆ?

ನಾಲ್ಕು ಬಿಸ್ಕತ್ ಪ್ಯಾಕೆಟ್. "ಹೊರಗೆ ಹೋದರೆ ನನಗೆ ತಿನ್ನೋಕೆ ಏನೂ ಸಿಗಲ್ಲ ಮೇಡಂ." ಹೊರಡುವ ಮೊದಲು ತಿನ್ನುತ್ತಿದ್ದರು, ಹೋದಲ್ಲಿ ಚೀಲದ್ದು, ವಾಪಸ್ ಬಂದು ಇನ್ನೊಮ್ಮೆ. ಅದೂ ಅಲ್ಲದೆ, ವರ್ಷಗಟ್ಟಲೆ ಏನು ತಿಂದರೂ ಹೊಟ್ಟೆನೋವು ಬಂದವರಿಗೆ ಈಗ ನೋವಿಲ್ಲದೆ ತಿನ್ನಲು ಆಗುತ್ತಿದೆ, ಕೈ ಎಲ್ಲಿ ನಿಲ್ಲುತ್ತದೆ ಹೇಳಿ. ಇದನ್ನು ಹೊಟ್ಟೆಬಾಕತನ ಅಂತ ನಾನು ಕರೆಯಲಾರೆ.

ಹಾಗಾಗಿ ಚೀಲ ಖಾಲಿ ಮಾಡಿಸಲಿಲ್ಲ, ಒಳಗಿದ್ದದ್ದನ್ನು ಬದಲಿಸಿದೆವು. ಬೇಯಿಸಿದ ಮೊಟ್ಟೆ, ಬೇಯಿಸಿದ ಕಾಳು, ಒಂದು ಹಣ್ಣು, ಒಂದು ಹಿಡಿ ಬೀಜಗಳು (ಹಿಡಿ ಅಂದರೆ ಹಿಡಿಯೇ, ಡಬ್ಬಿಯಲ್ಲ). ಬಿಸ್ಕತ್ತು ಒಂದೇ ಪ್ಯಾಕೆಟ್, ಆಪತ್ತಿಗೆ. ಚೀಲಕ್ಕೆ ಕೈ ಹಾಕುವ ಮುಂಚೆ ಚಿಕ್ಕ ಪುಸ್ತಕದಲ್ಲಿ ಒಂದಕ್ಷರ ಬರೆಯಬೇಕು, ಹಸಿವಾದರೆ 'ಹ', ಭಯವಾದರೆ 'ಭ'. ಯಾವ ಅಕ್ಷರ ಬರೆದರೂ ತಿನ್ನಬಹುದು, ಬರೆದರೆ ಸಾಕು. ಮೊದಲ ವಾರದ ಪುಟ ತುಂಬ 'ಭ'.

ಮನೆಯ ಊಟಕ್ಕೆ ಡಯೆಟಿಷಿಯನ್ ಹತ್ತಿರ ಕಳಿಸಿದೆ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗಕ್ಕೆ ಸಹಜವಾಗಿಯೇ ಗ್ಲುಟೆನ್ ಇಲ್ಲದ ಇಡೀ ಧಾನ್ಯ. ನಾರಿನಂಶ ಒಮ್ಮೆಲೇ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಓಟ್ಸ್‌ಗೆ ಗೋಧಿ ಬೆರೆತಿರುವುದು ಮಾಮೂಲು, ಗ್ಲುಟೆನ್ ಇಲ್ಲ ಅಂತ ಬರೆದದ್ದೇ ಆಗಬೇಕು, ಅದೂ ಕೆಲವರಿಗೆ ಒಗ್ಗುವುದಿಲ್ಲ. ಈ ಕಾಯಿಲೆಯವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ಅದೂ ತೂಕ ಏರಿಸಬಹುದು, ಅದಕ್ಕೇ ವೈದ್ಯರಿಂದ ಪರೀಕ್ಷೆ ಮಾಡಿಸಿದೆವು. ಸರಿಯಾಗಿತ್ತು. ತೂಕ ನೋಡುವುದು ವಾರಕ್ಕೊಮ್ಮೆ ಮಾತ್ರ ಅಂತ ಒಪ್ಪಂದವಾಯಿತು.

ಏಳು ತಿಂಗಳಾಯಿತು. ತೂಕ 58, ಬಿಎಂಐ 23.2. ಪ್ರಯಾಣದ ದಿನಗಳಲ್ಲಿ 'ಭ' ಇನ್ನೂ ಕಾಣಿಸುತ್ತದೆ. 52ಕ್ಕೇ ಬರಬೇಕು ಅಂತ ಅವರ ಹಟ, ಅಷ್ಟು ಬೇಕಾ ಅಂತ ನನ್ನ ಅನುಮಾನ. ಮುಂದಿನ ಸಲ ಆ ಜಗಳ ಇದೆ. ಈ ಸಲ ಮಾತಾಡುವಾಗ ಚೀಲ ಪಕ್ಕದ ಕುರ್ಚಿಯ ಮೇಲಿತ್ತು.