‘ನಾನು ನಿನ್ನ ಕ್ಲೈಂಟ್ ಅಲ್ಲ’ ಅಂದರು ಗಂಡ

ಪ್ರಶ್ನೆ: ನನಗೆ 36 ವರ್ಷ. ಮನಶ್ಶಾಸ್ತ್ರಜ್ಞೆ. ಎಂಟು ವರ್ಷಗಳಿಂದ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಆಪ್ತ ಸಮಾಲೋಚನೆ ಮಾಡುತ್ತಿದ್ದೇನೆ. ಈಚೆಗೆ ಗಂಡ ಕಪಾಟಿನ ಬಾಗಿಲು ಜೋರಾಗಿ ಹಾಕಿದರೂ ಬೆಚ್ಚಿಬೀಳುತ್ತೇನೆ. ಅವರು ಸಿಟ್ಟಾದರೆ ‘ಈಗ ನಿಮಗೆ ಏನನ್ನಿಸ್ತಿದೆ?’ ಎಂದು ಕೇಳುತ್ತೇನೆ. ಮೊನ್ನೆ ‘ನಾನು ನಿನ್ನ ಕ್ಲೈಂಟ್ ಅಲ್ಲ’ ಎಂದುಬಿಟ್ಟರು. ಸಂಬಂಧಗಳ ಬಗ್ಗೆ ಬೇರೆಯವರಿಗೆ ಹೇಳುವ ಅರ್ಹತೆಯೇ ನನಗಿಲ್ಲವೇನೋ. ಕೆಲಸ ಬಿಡಲೇ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ನಿಮಗೆ ಹೆದರಿಕೆ ಆಗುವುದು ಬಾಗಿಲಿನ ಸದ್ದಿಗೋ, ಗಂಡನಿಗೋ? ಅವರು ಮನೆಗೆ ಬಂದರೆ ಮಾತು ಅಳೆದು ತೂಗಿ ಆಡುತ್ತೀರಾ? ನಿಮ್ಮ ದುಡ್ಡು, ಫೋನು, ಗೆಳತಿಯರ ಮೇಲೆ ಅವರ ಕಾವಲಿದೆಯಾ? ಹೌದಾದರೆ ಮುಂದಿನದನ್ನು ಓದಬೇಡಿ. ನಿಮ್ಮ ಕ್ಲೈಂಟ್‌ಗೆ ಏನು ಹೇಳುತ್ತಿದ್ದಿರೋ ಅದನ್ನೇ ಮಾಡಿ. ಪತ್ರದಲ್ಲಿ ನನಗೆ ಅಂಥ ಸುಳಿವು ಕಾಣಲಿಲ್ಲ, ಆದರೂ ಕೇಳಲೇಬೇಕಿತ್ತು.

ಹಾಗಿಲ್ಲದಿದ್ದರೆ, ಇದಕ್ಕೊಂದು ಹೆಸರಿದೆ, ನಿಮಗೂ ಗೊತ್ತಿದೆ. 1990ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಲೀಸಾ ಮೆಕ್ಯಾನ್ ಮತ್ತು ಲಾರಿ ಆನ್ ಪರ್ಲ್‌ಮನ್ ಇದನ್ನು ವಿಕೇರಿಯಸ್ ಟ್ರಾಮಟೈಸೇಷನ್ ಎಂದು ಕರೆದರು. ಬೇರೆಯವರ ನೋವು ಕೇಳಿ ಕೇಳಿ, ಯಾರನ್ನು ನಂಬಬಹುದು ಎಂಬ ಲೆಕ್ಕವೇ ಏರುಪೇರಾಗುವುದು. ಕೆಲಸದ ಭಾಗವಾಗಿ ಘೋರ ವಿವರಗಳನ್ನು ಮತ್ತೆ ಮತ್ತೆ ಎದುರಿಸುವುದೂ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಗೆ) ದಾರಿಯಾಗಬಹುದು ಎಂದು ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಕೂಡ ಒಪ್ಪಿದೆ. ಪರೀಕ್ಷೆಗೆ ಓದಿದ್ದು ನಮಗೇ ಬಂದಾಗ ಗುರುತು ಹತ್ತುವುದಿಲ್ಲ, ಅಲ್ವಾ?

ಕೆಲಸ ಬಿಡುವ ಮಾತು ಈಗ ಬೇಡ. ದಿನಕ್ಕೆ ಎಷ್ಟು ಟ್ರಾಮಾ ಕೇಸ್ ನೋಡುತ್ತೀರಿ? ಒಂದರ ಬೆನ್ನಿಗೇ ಇನ್ನೊಂದಾ? ಸೂಪರ್‌ವಿಷನ್‌ಗೆ, ಅಂದರೆ ನಿಮ್ಮ ಕೇಸ್‌ಗಳ ಬಗ್ಗೆ ಹಿರಿಯ ಥೆರಪಿಸ್ಟ್ ಜೊತೆ ಮಾತಾಡಲು, ಕೊನೆಯ ಸಲ ಕೂತಿದ್ದು ಯಾವಾಗ? ಅನುಭವ ಜಾಸ್ತಿಯಾದ ಹಾಗೆ ನಾವು ಮೊದಲು ಬಿಡುವುದೇ ಅದನ್ನು. ನಾನೂ ಬಿಟ್ಟಿದ್ದೆ. ನಿಮಗೂ ಒಬ್ಬ ಥೆರಪಿಸ್ಟ್ ಬೇಕು. ಪಕ್ಕದ ರೂಮಿನ ಸಹೋದ್ಯೋಗಿಯ ಜೊತೆ ಹರಟಿದರೆ ಸಾಲದು. ಬೆಚ್ಚಿಬೀಳುವುದು ತಿಂಗಳು ದಾಟಿದ್ದರೆ, ನಿದ್ದೆಯೂ ಕೆಡುತ್ತಿದ್ದರೆ, ಈ ವಾರವೇ ಹೋಗಿ.

ಇನ್ನು ಗಂಡನ ವಿಷಯ. ‘ನಿಮಗೆ ಏನನ್ನಿಸ್ತಿದೆ’ ಎಂಬ ಪ್ರಶ್ನೆಯ ಹಿಂದೆ ನೀವು ಅಡಗಿ ಕೂತಿದ್ದೀರಿ. ಅದನ್ನು ಕೇಳುತ್ತಿರುವಷ್ಟು ಹೊತ್ತು ನಿಮಗೆ ಏನನ್ನಿಸುತ್ತಿದೆ ಎಂದು ಹೇಳುವ ಗೋಜಿಲ್ಲ. ಕ್ಲಿನಿಕ್ಕಿನಲ್ಲಿ ಅದು ಸರಿ. ಅಲ್ಲಿ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ಮನೆಯಲ್ಲೂ ಹಾಗೇ ಆದರೆ ಆ ಮನುಷ್ಯ ಯಾರ ಹತ್ತಿರ ಜಗಳ ಆಡಬೇಕು? ನೀವೂ ಒಮ್ಮೆ ಸಿಟ್ಟಾಗಿ. ಏನೋ ಅಂದುಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಳ್ಳಿ, ಪರವಾಗಿಲ್ಲ.

ಬಾಗಿಲಿನ ವಿಷಯ ಮಾತ್ರ ಇಬ್ಬರೂ ಸಮಾಧಾನವಾಗಿರುವ ಹೊತ್ತಲ್ಲಿ ಹೇಳಿ. ‘ಆ ಸದ್ದಿಗೆ ನನ್ನ ಎದೆ ಹೊಡ್ಕೊಳ್ಳುತ್ತೆ. ದಿನವೆಲ್ಲ ಕೇಳಿಸಿಕೊಂಡಿದ್ದು ಮನೆವರೆಗೂ ಬರುತ್ತೆ. ಸ್ವಲ್ಪ ಮೆಲ್ಲಗೆ ಹಾಕ್ತೀರಾ?’ ಇಷ್ಟು ಹೇಳಿದರೆ ಯಾವ ಕ್ಲೈಂಟಿನ ಗುಟ್ಟೂ ಹೊರಬೀಳುವುದಿಲ್ಲ.

ಅರ್ಹತೆಯ ಚಿಂತೆ ಬಿಡಿ. ಜಗಳವೇ ಆಡಬಾರದು ಅಂತ ನೀವು ಯಾರಿಗೂ ಹೇಳಿರಲಾರಿರಿ. ಮೊನ್ನೆ ಅವರು ಹಾಗಂದ ಮೇಲೆ ಮೊದಲು ಮಾತಾಡಿಸಿದ್ದು ಯಾರು? ನೀವು ಬರೆದಿಲ್ಲ. ನನಗೆ ಬೇಕಿದ್ದದ್ದೇ ಅದು.